ವಾಚನಾಲಯದ ಕಪಾಟಿನಲ್ಲಿ ಒಂದು ಬಿ.ಪಿ. ಯಂತ್ರ

ಸಮ್ಮೇಳನದ ಸ್ಮರಣ ಸಂಚಿಕೆಗೆ ನಮ್ಮ ಸಂಘದ ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ವಾರ್ಷಿಕೋತ್ಸವ, ಕವಿಗೋಷ್ಠಿ, ತಾಳಮದ್ದಳೆ ಇವುಗಳೇ ಇರಬೇಕು. ಅವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತವೆ. ನಾವು ಇಲ್ಲಿ ಬರೆಯಹೊರಟಿರುವುದು ವಾಚನಾಲಯದ ಕಪಾಟಿನಲ್ಲಿ, ಕನ್ನಡ ನಿಘಂಟಿನ ಸಂಪುಟಗಳ ಪಕ್ಕದಲ್ಲಿ, ಬಟ್ಟೆಯ ಚೀಲವೊಂದರಲ್ಲಿ ಇರುವ ರಕ್ತದೊತ್ತಡ ಅಳೆಯುವ ಯಂತ್ರದ ವಿಷಯ. ಸಾಹಿತ್ಯದ ಸಂಘಕ್ಕೆ ಅದು ಯಾಕೆ ಬಂತು ಎಂದು ಹೊರಗಿನವರು ಕೇಳುವುದುಂಟು. ಮೊದಲು ಕೇಳಿದವರು ನಮ್ಮವರೇ.

ಕೊರೋನಕ್ಕೆ ಮೂರು ವರ್ಷ ಹಿಂದಿನ ಆಟಿ ತಿಂಗಳು. ಹೊರಗೆ ಬಿಡದೆ ಸುರಿಯುವ ಮಳೆ. ಸಂಘದ ಸಭಾಭವನದಲ್ಲಿ 'ಕರ್ಣಪರ್ವ' ತಾಳಮದ್ದಳೆ. ಕರ್ಣನ ಅರ್ಥ ಹೇಳಬೇಕಾಗಿದ್ದವರು ನಮ್ಮ ಊರಿನವರೇ, ಆಗ ಐವತ್ತೆರಡು ವರ್ಷ. ಅಡಿಕೆ ತೋಟ, ನಾಲ್ಕು ಹಸು, ನಾಲಗೆಯ ತುದಿಯಲ್ಲಿ ಭಾರತ. ಕೂಟ ಆರಂಭವಾಗುವ ಮೊದಲು ಅವರು ಎದೆಯ ನಡುವೆ ಅಂಗೈ ಒತ್ತಿಕೊಂಡು, "ಯಾಕೋ ಇಲ್ಲಿ ಕಟ್ಟಿದ ಹಾಗೆ ಆಗ್ತದೆ" ಎಂದರು. "ಎಂತದೂ ಇಲ್ಲ ಅಣ್ಣ, ಗ್ಯಾಸ್. ಸಂಜೆ ಹಲಸಿನ ಹಪ್ಪಳ ತಿಂದಿದ್ದೀರಲ್ಲ" ಎಂದೆವು ನಾವು. ಒಬ್ಬರು ಹೋಗಿ ಶುಂಠಿ, ಜೀರಿಗೆ ಹಾಕಿ ಕಷಾಯ ಮಾಡಿಸಿ ತಂದರು. ಅವರು ಕುಡಿದರು. ಒಂದು ತೇಗು ಬಂತು. ತೇಗು ಬಂದದ್ದರಿಂದ ನಮಗೆಲ್ಲ ಸಮಾಧಾನವಾಯಿತು.

ಆಮೇಲೆ ಅವರು ಒಂದೂಕಾಲು ಗಂಟೆ ಅರ್ಥ ಹೇಳಿದರು. ಶಲ್ಯನೊಡನೆ ಸಂಭಾಷಣೆ ಬಹಳ ಚೆನ್ನಾಗಿ ಬಂತೆಂದು ಸಭೆ ತಲೆದೂಗಿತು. ಮಳೆಗಾಲದ ತಣ್ಣನೆಯ ರಾತ್ರಿಯಲ್ಲಿ ಅವರ ಶಾಲು ಬೆವರಿನಿಂದ ಒದ್ದೆಯಾಗಿದ್ದುದನ್ನು ನಾವು ನೋಡಿದ್ದೆವು; ಪಾತ್ರದ ಆವೇಶ ಎಂದುಕೊಂಡೆವು. ಎಡ ರಟ್ಟೆಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಿದ್ದುದನ್ನೂ ನೋಡಿದ್ದೆವು. ಹನ್ನೆರಡರ ಮೇಲೆ ಅವರು ಗೋಡೆಗೊರಗಿ ಮಾತು ನಿಲ್ಲಿಸಿದಾಗಲಷ್ಟೇ ಜೀಪು ಹೊರಟಿತು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರಿರಲಿಲ್ಲ. ಇನ್ನೊಂದರಲ್ಲಿ ಇ.ಸಿ.ಜಿ. ತೆಗೆದು, ಕಾಗದ ಕೈಗಿತ್ತು, ಮಂಗಳೂರಿಗೆ ಹೋಗಿ ಎಂದರು. ಕುಂಬಳೆಗೆ ಇಳಿದು, ಉಪ್ಪಳ, ಮಂಜೇಶ್ವರ ದಾಟಿ, ತಲಪಾಡಿಯ ಗಡಿ ಕಳೆದು ಮಂಗಳೂರಿನ ಆಸ್ಪತ್ರೆಯ ಬಾಗಿಲಿಗೆ ತಲಪಿದಾಗ ಗಂಟೆ ಮೂರು ಸಮೀಪಿಸಿತ್ತು. ಅಲ್ಲಿನ ಎಳೆಯ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ನೋವು ಶುರುವಾದದ್ದು ಎಷ್ಟು ಗಂಟೆಗೆ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಜೆ ಏಳೂವರೆಗೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಹೇಳಿದವರು ರೋಗಿಯೇ.

ಅವರು ಬದುಕಿದರು. ಆಂಜಿಯೋಪ್ಲಾಸ್ಟಿ ಆಯಿತು, ಸ್ಟೆಂಟ್ ಹಾಕಿದರು. ಆದರೆ ಹೃದಯದ ಸ್ನಾಯುವಿನ ದೊಡ್ಡದೊಂದು ಭಾಗ ರಕ್ತವಿಲ್ಲದೆ ಅಷ್ಟರಲ್ಲೇ ಸತ್ತುಹೋಗಿತ್ತು. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ತೋಟದ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲಬೇಕು. ಒಂದು ಪದ್ಯಕ್ಕೆ ಹತ್ತು ನಿಮಿಷ ಅರ್ಥ ಹೇಳುವುದರೊಳಗೆ ಉಸಿರು ಕಟ್ಟುತ್ತದೆ. ಅವರ ಕರ್ಣನನ್ನು ಕೇಳಿದವರಿಗೆ ಇದೆಂಥ ನಷ್ಟವೆಂದು ನಾವು ವಿವರಿಸಬೇಕಾಗಿಲ್ಲ. ಆ ನಷ್ಟದಲ್ಲಿ ನಮ್ಮ ಕಷಾಯದ ಪಾಲೂ ಇದೆ ಎಂಬುದನ್ನು ಇಷ್ಟು ವರ್ಷಗಳ ನಂತರ ಇಲ್ಲಿ ಬರೆದಿಡುತ್ತಿದ್ದೇವೆ. ಅವರು ಒಮ್ಮೆಯೂ ಆ ಮಾತೆತ್ತಿದವರಲ್ಲ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಬಿ.ಪಿ. ಯಂತ್ರ ಕೊಳ್ಳಬೇಕೆಂಬ ಸೂಚನೆ ಬಂತು. ಸೂಚಿಸಿದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ವಿರೋಧ ಜೋರಾಗಿಯೇ ಇತ್ತು. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವಾಗ, ಅರ್ಜಿ ನಮೂನೆಗಳನ್ನು ಕನ್ನಡದಲ್ಲಿ ಪಡೆಯಲು ಓಡಾಡುವುದೇ ನಮಗೆ ಸಾಕುಬೇಕಾಗಿರುವಾಗ, ಆಸ್ಪತ್ರೆಯ ಕೆಲಸವನ್ನು ಸಂಘ ತಲೆಗೆ ಕಟ್ಟಿಕೊಳ್ಳಬೇಕೇ ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಟೀಚರ್ ವಾದ ಮಾಡಲಿಲ್ಲ. ಕೈಚೀಲದಿಂದ ಒಂದು ಕರಪತ್ರ ತೆಗೆದು ಆ ಹಿರಿಯರ ಕೈಗೆ ಕೊಟ್ಟು, "ಮಾಸ್ತರರೇ, ಇದನ್ನೊಮ್ಮೆ ಓದಿ ಹೇಳಿ" ಎಂದರು. ಆರೋಗ್ಯ ಇಲಾಖೆ ಮನೆಮನೆಗೆ ಹಂಚಿದ್ದ ಕರಪತ್ರ ಅದು, ಮಲಯಾಳದಲ್ಲಿ.

ಗಡಿನಾಡಿನಲ್ಲಿ ಇದು ಹೊಸತಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಕೇರಳದ ಆರೋಗ್ಯ ವ್ಯವಸ್ಥೆಯ ಹೆಸರು ದೇಶದಲ್ಲೇ ದೊಡ್ಡದು, ಅದರ ಫಲ ನಮಗೂ ಸಿಕ್ಕಿದೆ. ಆದರೆ ತಿಳಿವಳಿಕೆಯೆಂಬುದು ಭಾಷೆಯ ಮೇಲೆ ಕೂತು ಬರುವ ವಸ್ತು. ಆ ಕರಪತ್ರವನ್ನು ಶಾಲೆಗೆ ಹೋಗುವ ಮೊಮ್ಮಕ್ಕಳು ಅಕ್ಷರ ಕೂಡಿಸಿ ಓದಿ ಹೇಳಿದರೂ ಅಜ್ಜ ಅಜ್ಜಿಯರಿಗೆ ಅರ್ಥವಾಗಲಿಲ್ಲ; ಅರ್ಥವಾದಷ್ಟೂ ಅಪಾರ್ಥವೇ ಆಯಿತು. 'ರಕ್ತಸಮ್ಮರ್ದ' ಎಂದರೆ ಅಲ್ಲಿ ರಕ್ತದೊತ್ತಡ. ಜನಸಂಮರ್ದ ಎಂಬ ಮಾತು ತಿಳಿದ ನಮ್ಮವರೊಬ್ಬರು ರಕ್ತದ ಗುಂಪು ಪರೀಕ್ಷೆಗೆ ಕರೆಯುತ್ತಿದ್ದಾರೆಂದು ತಿಳಿದರು. 'ಪ್ರಮೇಹ' ಎಂದರೆ ಅಲ್ಲಿ ಸಕ್ಕರೆ ಕಾಯಿಲೆ; ನಮ್ಮ ಹಳೆಯ ತಲೆಮಾರಿನ ಕಿವಿಗೆ ಆ ಶಬ್ದ ಕೇಳಿಸುವುದೇ ಬೇರೆ, ನಾಲ್ಕು ಜನರೆದುರು ಹೇಳಿಕೊಳ್ಳಲಾಗದ ರೋಗ. ಪ್ರಮೇಹ ತಪಾಸಣೆಗೆ ಬನ್ನಿ ಎಂದು ಕರೆದ ಆಶಾ ಕಾರ್ಯಕರ್ತೆಯನ್ನು ಒಬ್ಬ ಅಜ್ಜ ಅಂಗಳದಿಂದಲೇ ಬೈದು ಅಟ್ಟಿದ್ದರು. 'ಗ್ಯಾಸ್' ಎನ್ನುವ ಒಂದು ಶಬ್ದ ಮಾತ್ರ ಮಲಯಾಳ, ಕನ್ನಡ, ತುಳು ಮೂರಕ್ಕೂ ಒಂದೇ. ಅದಕ್ಕೆ ಬಲಿಯಾದವರೂ ಮೂರೂ ಭಾಷೆಯವರು.

ಮಾಸ್ತರರು ಕನ್ನಡಕ ತೆಗೆದು ಕರಪತ್ರವನ್ನು ಮಡಿಸಿದರು. ಯಂತ್ರ ಕೊಳ್ಳುವ ನಿರ್ಣಯಕ್ಕೆ ಅನುಮೋದನೆ ಅವರದೇ.

ಹಾಗೆ ನಮ್ಮ ಮೊದಲ ಕೆಲಸ ಶಬ್ದಗಳ ಕೆಲಸವಾಯಿತು. ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಪತ್ರ ಬರೆಯಬೇಕು. ಹೃದಯಾಘಾತವಾದಾಗ ಎದೆ ನೋವು ಬರುತ್ತದೆ ಎಂದು ಬರೆದರೆ ಸಾಲದೆಂದು ಹೇಳಿದವರು ಕರ್ಣನೇ. ಮನೆಗೆ ಮರಳಿ ಎರಡು ತಿಂಗಳಾಗಿತ್ತು. "ನನಗೆ ನೋವು ಅಂತ ಆಗ್ಲೇ ಇಲ್ಲ ಮಾರಾಯ್ರೆ. ನೋವಾಗಿದ್ರೆ ನಾನೇ ಹೇಳ್ತಿದ್ದೆ. ಒಂದು ಭಾರ, ಎದೆ ಮೇಲೆ ಯಾರೋ ಕೂತ ಹಾಗೆ." ನಾವು ಹೃದಯಾಘಾತದಿಂದ ಪಾರಾದವರ ಮನೆಗಳಿಗೆ ಹೋಗಿ, ಆ ಹೊತ್ತು ನಿಮಗೆ ಏನಾಯಿತು, ಯಾವ ಮಾತಿನಲ್ಲಿ ಹೇಳಿದಿರಿ ಎಂದು ಕೇಳಿ ಬರೆದುಕೊಂಡೆವು. ಎದೆ ಹಿಂಡಿತು, ಎದೆ ಕಟ್ಟಿತು, ಎದೆ ಬಿಗಿಯಿತು, ಹೊತ್ತಿ ಉರಿಯಿತು, ದಮ್ಮು ಕಟ್ಟಿತು, ರಟ್ಟೆ ಸೆಳೆಯಿತು, ದವಡೆ ಹಿಡಿಯಿತು, ತಣ್ಣೀರಿನಂಥ ಬೆವರು ಇಳಿಯಿತು, ಏನೋ ಕೆಡುಕಾಗುತ್ತದೆಂಬ ದಿಗಿಲು. ಹೆಂಗಸರು ಹೇಳಿದ್ದು ಇನ್ನೂ ಬೇರೆ: ಬೆನ್ನಿನ ನಡುವೆ ಸೆಳೆತ, ಓಕರಿಕೆ, ಎಂದೂ ಇಲ್ಲದ ಸುಸ್ತು, ಏದುಸಿರು. ಹೆಂಗಸರಲ್ಲಿ ಲಕ್ಷಣಗಳು ಹೀಗೆ ಮರೆಯಾಗಿ ಬರುವುದು ಹೆಚ್ಚೆಂದು ವೈದ್ಯರೂ ಹೇಳುತ್ತಾರೆ. ಆದರೆ ಅವರ ಸುಸ್ತನ್ನು ಸುಸ್ತೆಂದು ಒಪ್ಪುವವರು ಮನೆಯಲ್ಲಿ ಯಾರಿದ್ದಾರೆ? ಅವರೇ ಒಪ್ಪುವುದಿಲ್ಲ. ಈ ಮಾತುಗಳನ್ನೆಲ್ಲ, ಅವರು ಹೇಳಿದ ಹಾಗೆಯೇ, ತುಳುವಿನ ರೂಪಗಳನ್ನೂ ಸೇರಿಸಿ, ಪತ್ರದಲ್ಲಿ ಅಚ್ಚು ಹಾಕಿಸಿದೆವು. ಕೆಳಗೆ ಮೂರು ಸಾಲು: ಹದಿನೈದು ನಿಮಿಷ ಕಳೆದರೂ ಇದು ಬಿಡದಿದ್ದರೆ ಗ್ಯಾಸ್ ಎನ್ನಬೇಡಿ, ಕಷಾಯಕ್ಕೆ ಕಾಯಬೇಡಿ. ಬೆವರೋ ಏದುಸಿರೋ ಜೊತೆಗಿದ್ದರೆ ಹದಿನೈದು ನಿಮಿಷವನ್ನೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಇರುವಲ್ಲಿಗೆ ಹೋಗಿ, ಶುರುವಾದ ಗಂಟೆ ಬರೆದಿಟ್ಟುಕೊಳ್ಳಿ. ನಮ್ಮ ಸಂಘ ಹೊರತಂದ ಕವನ ಸಂಕಲನಗಳ ಪ್ರತಿಗಳು ಇಂದಿಗೂ ಅಟ್ಟದಲ್ಲಿವೆ. ಈ ಒಂದು ಪುಟ ಮಾತ್ರ ನಾಲ್ಕು ಸಲ ಮರುಮುದ್ರಣ ಕಂಡಿತು.

ಆದರೆ ರೋಗ ಬಂದ ಮೇಲೆ ಓಡುವುದು ಕೊನೆಯ ಮಾತು. ಬಾರದ ಹಾಗೆ ಮಾಡುವುದು ಹೇಗೆ? ಅದನ್ನು ನಮಗೆ ತಿಳಿಯುವಂತೆ ಹೇಳಿದವರು ಕುಟುಂಬಾರೋಗ್ಯ ಕೇಂದ್ರಕ್ಕೆ ವರ್ಗವಾಗಿ ಬಂದ ಒಬ್ಬ ವೈದ್ಯರು. ದಕ್ಷಿಣ ಕೇರಳದವರು, ಕನ್ನಡದ ಗಂಧವಿಲ್ಲ. ಸಂಘದಲ್ಲಿ ಮಾತನಾಡಲು ಬಂದ ದಿನ ನೀರಿನ ಮಾತು ಬಂದು, ಅವರು ಸುರಂಗವನ್ನೇ ಕಂಡಿಲ್ಲವೆಂದು ಗೊತ್ತಾಯಿತು. ಪಕ್ಕದ ತೋಟಕ್ಕೆ ಕರೆದೊಯ್ದೆವು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಕತ್ತಲ ದಾರಿಯೊಳಗೆ ಬಗ್ಗಿ ಹೋಗಿ, ಜಿನುಗುವ ನೀರು ಮುಟ್ಟಿ ಹೊರಬಂದವರು ಪ್ರತಿ ವರ್ಷ ಮಣ್ಣು ತೆಗೆಯುತ್ತೀರಾ ಎಂದು ಕೇಳಿದರು. ತೆಗೆಯದಿದ್ದರೆ ಏನಾಗುತ್ತದೆ? ಮೊದಲು ಏನೂ ಆಗುವುದಿಲ್ಲ, ನೀರು ಬರುತ್ತಲೇ ಇರುತ್ತದೆ. ಗೋಡೆಯ ಮಣ್ಣು ಮೆತ್ತಗಾಗುತ್ತ ಹೋಗುವುದು ಹೊರಗೆ ಕಾಣುವುದಿಲ್ಲ. ಒಂದು ದಿನ ಕುಸಿದು ದಾರಿ ಕಟ್ಟುತ್ತದೆ, ಕೆಳಗಿನ ತೋಟ ಒಣಗುತ್ತದೆ ಎಂದು ತೋಟದ ಯಜಮಾನರು ಹೇಳಿದರು. ವೈದ್ಯರು ಸಭೆಗೆ ಮರಳಿ, ತಾವು ಬರೆದುಕೊಂಡು ಬಂದಿದ್ದ ಭಾಷಣವನ್ನು ಬದಿಗಿಟ್ಟು, ಹೃದಯದ ರಕ್ತನಾಳದ ಕತೆಯೂ ಇದೇ ಎಂದರು. ನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ ಮೆತ್ತಗಾಗುವುದು ಇಪ್ಪತ್ತು, ಮೂವತ್ತು ವರ್ಷಗಳ ಕೆಲಸ. ಏರಿದ ರಕ್ತದೊತ್ತಡ, ಹೊಗೆಸೊಪ್ಪು, ಸಕ್ಕರೆ ಕಾಯಿಲೆ ಆ ಗೋಡೆಯನ್ನು ದಿನದಿನವೂ ಕೆಡಿಸುತ್ತವೆ. ಅಷ್ಟು ಕಾಲ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಹೊತ್ತು ಆ ಗೋಡೆ ಬಿರಿಯುತ್ತದೆ, ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ದಾರಿ ಮುಚ್ಚುತ್ತದೆ. ಟೀಚರ್ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಆ ದಿನ ಅವರಿಗೆ ಹೆಚ್ಚು ಕೆಲಸವಿರಲಿಲ್ಲ.

ಅಂದಿನಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ವಾಚನಾಲಯದ ಜಗಲಿಯಲ್ಲಿ ಮೇಜು ಹಾಕುತ್ತೇವೆ. ಮೊದಲ ತಿಂಗಳು ಬಂದವರು ಹನ್ನೊಂದು ಜನ. ನಮ್ಮ ಊರುಗಳಲ್ಲಿ ಪಟ್ಟಿಗೆ ಹೆಸರು ಕೊಡಲು ಜನ ಹಿಂಜರಿಯುವುದಕ್ಕೆ ಕಾರಣವಿದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನಾಡು ಇದು. ಅದರ ನಂತರ ಎಷ್ಟು ಶಿಬಿರ, ಎಷ್ಟು ಸಮೀಕ್ಷೆ, ಎಷ್ಟು ಕಡತ. ಎಣಿಸಿಕೊಂಡೇ ದಣಿದ ಜನ. ಆದುದರಿಂದ ನಮ್ಮ ಪುಸ್ತಕ ಸಂಘದ ಕಪಾಟಿನಲ್ಲೇ ಇರುತ್ತದೆ, ಕನ್ನಡದಲ್ಲಿ ಇರುತ್ತದೆ, ಅವರವರ ಪುಟ ಅವರವರಿಗೆ ತೋರಿಸಲಾಗುತ್ತದೆ. ಅದನ್ನು ಬರೆಯುವವರು ಕರ್ಣನೇ. ಅಕ್ಷರ ಮುತ್ತಿನಂತೆ. ಎದುರಿಗೆ ಕೂತವರ ಅಂಕಿ 140, 90ರ ಗೆರೆ ದಾಟಿದ್ದರೆ ಅವರು ಕೆಂಪು ಶಾಯಿ ಎತ್ತಿಕೊಳ್ಳುತ್ತಾರೆ. ಒಂದೇ ದಿನದ ಅಂಕಿಯಿಂದ ರೋಗವೆನ್ನುವಂತಿಲ್ಲ, ಮೂರು ಸಲ ನೋಡಿ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಾರೆ. ಮೊದಲ ವರ್ಷ ಕೆಂಪು ಶಾಯಿ ಬಿದ್ದವರಲ್ಲಿ ಹೆಚ್ಚಿನವರಿಗೆ ತಮಗೆ ರಕ್ತದೊತ್ತಡವಿದೆ ಎಂಬುದೇ ತಿಳಿದಿರಲಿಲ್ಲ. ಹೆಂಗಸರಲ್ಲಿ ಹಲವರು, ಕೊನೆಯ ಹೆರಿಗೆಯ ಬಳಿಕ ಯಾರೂ ನಮ್ಮ ರಟ್ಟೆಗೆ ಪಟ್ಟಿ ಸುತ್ತಿದ್ದಿಲ್ಲ ಎಂದರು.

ಇನ್ನು ಉಪ್ಪಿನ ಲೆಕ್ಕ. ಈ ಅಧ್ಯಾಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು, ಹೆಚ್ಚೆಂದರೆ ಒಂದು ಚಹಾ ಚಮಚ. ನಮ್ಮ ಮಳೆಗಾಲದ ಅಡುಗೆ ಇರುವುದೇ ಉಪ್ಪಿನ ಮೇಲೆ: ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ, ಬಾಳಕದ ಮೆಣಸು, ಮೀನು ತಿನ್ನುವವರ ಮನೆಯಲ್ಲಿ ಒಣಮೀನು. ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದ ಕಾಲದಲ್ಲಿ ಹಿರಿಯರು ಕಂಡುಕೊಂಡ ದಾರಿ ಅದು, ಅದನ್ನು ಹಳಿಯಲು ನಾವು ಯಾರು? ಅಳೆದು ನೋಡೋಣವೆಂದರು ಟೀಚರ್. ಐದು ಜನರ ಒಂದು ಮನೆಯಲ್ಲಿ ತಿಂಗಳಿಗೆ ಒಂದೂವರೆ ಕಿಲೋ ಉಪ್ಪು ಮುಗಿಯುತ್ತಿತ್ತು. ತಲೆಗೆ ದಿನಕ್ಕೆ ಹತ್ತು ಗ್ರಾಮ್, ಉಪ್ಪಿನಕಾಯಿ ಹಪ್ಪಳ ಬಿಟ್ಟು. ಆ ಮನೆಯ ಅಜ್ಜಿ ಒಪ್ಪಲಿಲ್ಲ. "ಅರ್ಧ ಉಪ್ಪು ದನದ ಅಕ್ಕಚ್ಚಿಗೆ ಹೋಗ್ತದೆ, ಅದನ್ನೂ ನನ್ನ ಸೊಸೆಯ ತಲೆಗೆ ಕಟ್ಟುದಾ?" ಎಂದರು. ಲೆಕ್ಕ ಬಿದ್ದುಹೋಯಿತು. ಮರು ತಿಂಗಳು ದನಕ್ಕೊಂದು ಡಬ್ಬಿ, ಜನಕ್ಕೊಂದು ಡಬ್ಬಿ ಇಟ್ಟು ಅಳೆದಾಗ, ಅಜ್ಜಿಯ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ, ಜನದ ಡಬ್ಬಿಯಲ್ಲಿ ಖಾಲಿಯಾದದ್ದು ಕಿಲೋದ ಮೇಲೆಯೇ ಇತ್ತು. ಹತ್ತಾರು ಮನೆಗಳಲ್ಲಿ ಡಬ್ಬಿಗಳು ಬಂದವು. ಗಂಜಿಗೆ ಉಪ್ಪು ಹಾಕಿ, ಮೇಲೆ ಉಪ್ಪಿನಕಾಯಿ ನೆಕ್ಕುವ ಬದಲು ಎರಡರಲ್ಲಿ ಒಂದು ಎಂಬ ಒಪ್ಪಂದ ಕೆಲವು ಮನೆಗಳಲ್ಲಿ ಆಯಿತು. ಮೊದಲ ಎರಡು ವಾರ ಎಲ್ಲವೂ ಸಪ್ಪೆ. ಆಮೇಲೆ ನಾಲಗೆ ಒಗ್ಗುತ್ತದೆ.

ಸಂಘದ ವಾರ್ಷಿಕೋತ್ಸವದ ಊಟದಲ್ಲಿ ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಪದ್ಧತಿ ನಿಲ್ಲಿಸಬೇಕೆಂದಾಗ ಮಾತ್ರ ದೊಡ್ಡ ಗಲಾಟೆಯಾಯಿತು. ಉಪ್ಪಿಲ್ಲದ ಎಲೆ ಎಂಥ ಎಲೆ, ಶುಭಕಾರ್ಯವೋ ಅಲ್ಲವೋ ಎಂದು ಕೇಳಿದರು. ಕೊನೆಗೆ ಆದ ರಾಜಿ ಹೀಗಿದೆ: ಉಪ್ಪು ಬಡಿಸುವವರು ಬರುತ್ತಾರೆ, ನಾಲ್ಕು ಹರಳು ಬಡಿಸುತ್ತಾರೆ, ಎರಡನೆಯ ಸಲ ಬರುವುದಿಲ್ಲ. ಆ ಕೆಲಸಕ್ಕೆ ನಾವು ಬೇಕೆಂದೇ ಕಿವಿ ಮಂದವಿರುವ ಸದಸ್ಯರೊಬ್ಬರನ್ನು ನೇಮಿಸಿದ್ದೇವೆ.

ತೆಂಗಿನೆಣ್ಣೆಯ ಚರ್ಚೆ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಅದರ ಕೊಬ್ಬಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು, ರಕ್ತದ ಕೊಲೆಸ್ಟರಾಲ್ ಏರಿಸುವ ಜಾತಿಯದು. ನಮ್ಮ ಅಜ್ಜಂದಿರು ತೆಂಗಿನೆಣ್ಣೆಯಲ್ಲೇ ಕರಿದು ತಿಂದು ತೊಂಬತ್ತು ಬದುಕಲಿಲ್ಲವೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ಬದುಕಿದ ಅಜ್ಜಂದಿರು ನೆನಪಿರುತ್ತಾರೆ, ಐವತ್ತಕ್ಕೆ ಹೋದವರನ್ನು ಯಾರು ಎಣಿಸಿದ್ದಾರೆ? ಅಲ್ಲದೆ ಆ ಅಜ್ಜಂದಿರು ಕತ್ತಲೆ ಹರಿಯುವ ಮೊದಲು ಗುಡ್ಡ ಹತ್ತಿ ಸೊಪ್ಪು ತರುತ್ತಿದ್ದರು, ಅಡಿಕೆ ಬುಡಕ್ಕೆ ಕೈಯಿಂದಲೇ ನೀರು ಚಿಮ್ಮುತ್ತಿದ್ದರು. ನಾವು ಮೋಟಾರಿನ ಗುಂಡಿ ಒತ್ತಿ ಜಗಲಿಯಲ್ಲಿ ಕೂರುತ್ತೇವೆ. ಅರ್ಧ ಮೈಲಿಯ ಅಂಗಡಿಗೂ ಸ್ಕೂಟರು. ವಾರಕ್ಕೆ ನೂರೈವತ್ತು ನಿಮಿಷ ಚುರುಕಾಗಿ ನಡೆಯಿರಿ ಎಂದು ವೈದ್ಯರು ಹೇಳುವುದನ್ನು ಕೇಳಿದರೆ ಅಜ್ಜಂದಿರು ನಕ್ಕುಬಿಡುತ್ತಿದ್ದರು. ಎಣ್ಣೆಯನ್ನು ಬಿಡಿ ಎಂದು ತೆಂಗಿನ ನಾಡಿನಲ್ಲಿ ಹೇಳುವ ಎದೆಗಾರಿಕೆ ನಮಗಿಲ್ಲ. ಬಾಣಲೆಯನ್ನು ವಾರಕ್ಕೊಂದೆರಡು ಸಲ ಮಾತ್ರ ಇಳಿಸಿ ಎನ್ನುತ್ತೇವೆ.

ಹೊಗೆಸೊಪ್ಪಿನ ವಿಷಯದಲ್ಲಿ ನಾವು ಸೋತದ್ದೇ ಹೆಚ್ಚು. ಅಡಿಕೆ ಬೆಳೆದು ಉಣ್ಣುವ ನಾವು ಅಡಿಕೆ ಜಗಿಯಬೇಡಿ ಎನ್ನುವಾಗಲೇ ಮಾತು ತೊದಲುತ್ತದೆ. ಬೀಡಿ ಬಿಟ್ಟ ಒಂದು ವರ್ಷದಲ್ಲಿ ಹೃದಯರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದೆವು. ಪೂರ್ತಿ ಬಿಟ್ಟವರನ್ನು ಎಣಿಸಲು ಎರಡು ಕೈ ಬೇಕಾಗುವುದಿಲ್ಲ. ಕಳೆದ ವರ್ಷ ಮೂವತ್ತೆಂಟರ ಪ್ರಾಯದ ಜೀಪು ಚಾಲಕನೊಬ್ಬ ಚಹಾದಂಗಡಿಯ ಬೆಂಚಿನಲ್ಲೇ ಒರಗಿದ. ಅವನ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆಗೆ ನಮ್ಮ ಪತ್ರವೂ ಇತ್ತು, ನಾಲ್ಕಾಗಿ ಮಡಿಸಿದ್ದು. ಆ ಸಂಗತಿಯನ್ನು ವರದಿಯಲ್ಲಿ ಬರೆಯಬೇಕೋ ಬೇಡವೋ ಎಂದು ಸಮಿತಿಯಲ್ಲಿ ಬಹಳ ಹೊತ್ತು ಮಾತಾಯಿತು.

2020ರ ಮಾರ್ಚ್ ಕೊನೆಯಲ್ಲಿ ಗಡಿ ಮುಚ್ಚಿತು. ಸೋಂಕಿನ ಭೀತಿಯಿಂದ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ತಡೆಯಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ವಿಷಯ ಕೇರಳ ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಮಂಗಳೂರಿಗೆ ತಲಪಲಾರದೆ ರೋಗಿಗಳು ತೀರಿಕೊಂಡ ಸುದ್ದಿಗಳನ್ನು ಆ ದಿನಗಳಲ್ಲಿ ಪತ್ರಿಕೆಯಲ್ಲಿ ಓದಿದೆವು. ಆ ಬದಿಯವರ ಭಯವೂ ನಮಗೆ ಅರ್ಥವಾಗದೆ ಇರಲಿಲ್ಲ. ಆದರೂ ಅರುವತ್ತು ವರ್ಷಗಳಿಂದ ಯಾವ ನಾಡನ್ನು ನಮ್ಮದೆಂದು ಹಾಡುತ್ತ ಬಂದೆವೋ ಆ ನಾಡಿನ ದಾರಿಗೆ ಅಡ್ಡವಾಗಿ ಮಣ್ಣಿನ ರಾಶಿ ಬಿದ್ದಿದ್ದನ್ನು ನೋಡಿದಾಗ ಆದ ಸಂಕಟ ಬೇರೆ. ಎದೆ ಹಿಡಿದರೆ ಮಂಗಳೂರು ಎಂಬುದು ನಮಗೆ ಲೆಕ್ಕವೇ ಹಾಕದೆ ನಂಬಿದ್ದ ಮಾತಾಗಿತ್ತು.

ಕರ್ಣನ ಮಾತ್ರೆಗಳು ಬರುತ್ತಿದ್ದುದು ಮಂಗಳೂರಿನಿಂದ. ಹನ್ನೆರಡು ದಿನದ್ದು ಉಳಿದಿತ್ತು. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂದು ನಮಗೆ ಗೊತ್ತಿತ್ತು. ಟೀಚರ್ ಅವರ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಆರೋಗ್ಯ ಕೇಂದ್ರದ ಆ ವೈದ್ಯರಿಗೆ ಕಳುಹಿಸಿದರು. ಬ್ರಾಂಡಿನ ಹೆಸರು ಬೇರೆ, ಒಳಗಿನ ಔಷಧ ಒಂದೇ ಎಂದು ನೋಡಿ, ಅವರು ಬರೆದುಕೊಟ್ಟದ್ದನ್ನು ಆಶಾ ಕಾರ್ಯಕರ್ತೆ ಮನೆಗೆ ತಲಪಿಸಿದರು. ಹಿಂದೊಮ್ಮೆ ಅಂಗಳದಿಂದ ಬೈಸಿಕೊಂಡು ಹೋದವರು ಇವರೇ. ನಮ್ಮ ಪುಸ್ತಕದಲ್ಲಿ ಕೆಂಪು ಶಾಯಿಯ ಹೆಸರುಗಳೆಲ್ಲ ಒಂದೆಡೆ ಇದ್ದುದರಿಂದ ಉಳಿದವರ ಮಾತ್ರೆಗಳೂ ಹಾಗೆಯೇ ಬಂದವು. ಮಣ್ಣಿನ ರಾಶಿ ತೆಗೆದ ಮೇಲೂ ಹಲವರು ಬಿ.ಪಿ. ಮಾತ್ರೆಗೆ ಮಂಗಳೂರಿಗೆ ಹೋಗುವುದನ್ನು ಬಿಟ್ಟರು.

ಆ ಬಿಡುವಿನ ತಿಂಗಳುಗಳಲ್ಲಿ, ವೈದ್ಯಕೀಯ ಓದುತ್ತಿದ್ದ ಸದಸ್ಯರೊಬ್ಬರ ಮಗಳು ನಮಗೆ ಫಿನ್ಲೆಂಡಿನ ಒಂದು ಪ್ರಾಂತದ ಕತೆ ಹೇಳಿದಳು. ಉತ್ತರ ಕರೇಲಿಯ ಎಂದು ಹೆಸರು. ಅದೂ ಗಡಿನಾಡೇ, ಯುದ್ಧದ ನಂತರ ಕರೇಲಿಯದ ದೊಡ್ಡ ಭಾಗ ರಷ್ಯದ ಕಡೆಗೆ ಹೋಗಿ, ಉಳಿದದ್ದು ಅಂಚಿನಲ್ಲಿ ನಿಂತ ಬಡ ಪ್ರಾಂತ. 1960ರ ದಶಕದಲ್ಲಿ ಅಲ್ಲಿಯ ಗಂಡಸರು ಹೃದ್ರೋಗದಿಂದ ಸಾಯುತ್ತಿದ್ದ ಪ್ರಮಾಣ ಲೋಕದಲ್ಲೇ ಅತಿ ಹೆಚ್ಚಿನದು. 1971ರಲ್ಲಿ ಅಲ್ಲಿಯ ಜನಪ್ರತಿನಿಧಿಗಳೇ ಏನಾದರೂ ಮಾಡಿ ಎಂದು ಸರಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಕೆಲಸ ಶುರುವಾಯಿತು. ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. 'ಮಾರ್ತ' ಎಂಬ ಗೃಹಿಣಿಯರ ಸಂಘ ಊರೂರಲ್ಲಿ ಕೂಡಿ ಬೆಣ್ಣೆ, ಉಪ್ಪು ಕಡಿಮೆ ಮಾಡಿ ತರಕಾರಿ ಹೆಚ್ಚಿಸಿದ ಅಡುಗೆ ಮಾಡಿ ಬಡಿಸಿತು. ಕೊಲೆಸ್ಟರಾಲ್ ಇಳಿಸಲು ಹಳ್ಳಿ ಹಳ್ಳಿಗಳ ನಡುವೆ ಪಂಥ ಏರ್ಪಟ್ಟಿತು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು ಇಳಿಯಿತು. ಹುಡುಗಿ ಹೇಳಿ ಮುಗಿಸಿದಾಗ ಡಬ್ಬಿಯ ಅಜ್ಜಿ ಕೇಳಿದ್ದು ಒಂದೇ: "ಅಲ್ಲಿಯೂ ದನಕ್ಕೆ ಉಪ್ಪು ಹಾಕ್ತಾರಾ?"

ಎದೆ ನಿಂತವರ ಎದೆಯೊತ್ತಿ ಬದುಕಿಸುವ ಕ್ರಮವನ್ನೂ ನಾವು ಕಲಿತಿದ್ದೇವೆ. ಎದೆಯ ನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ತರಬೇತಿಗೆ ಬಂದ ದಾದಿ ಎಣಿಸುತ್ತಿದ್ದರೂ ನಮ್ಮವರ ವೇಗ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಭಾಗವತರು ಗಡಿಯಾರ ನೋಡಿಕೊಂಡು ತಾಳ ಹಿಡಿದರು. ಆಮೇಲೆ ಒಬ್ಬರೂ ತಪ್ಪಲಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ, ಡಬ್ಬಿಯ ಅಜ್ಜಿಯ ಸೊಸೆಗೆ ಹಾಲು ಕರೆಯುತ್ತಿದ್ದಾಗ ದವಡೆ ಹಿಡಿದು, ಮೈ ಬೆವರಿತು. ಮಲಗಿದರೆ ಸರಿಹೋಗುತ್ತದೆ ಎಂದರಂತೆ. ಒಂಬತ್ತನೆಯ ತರಗತಿಯ ಮಗಳು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಪತ್ರದ ಮುಂದೆ ನಿಂತು ಗಟ್ಟಿಯಾಗಿ ಓದಿದಳು: ದವಡೆ ಹಿಡಿಯಿತು, ತಣ್ಣೀರಿನಂಥ ಬೆವರು ಇಳಿಯಿತು. ಅಂಗೈಯಲ್ಲಿ ಪೆನ್ನಿನಿಂದ ಗಂಟೆ ಬರೆದುಕೊಂಡಳು, 6.10. ಏಳಕ್ಕೆ ಮೊದಲು ಇ.ಸಿ.ಜಿ. ಆಯಿತು, ಒಂಬತ್ತಕ್ಕೆ ಮೊದಲು ಮುಚ್ಚಿದ ನಾಳ ತೆರೆಯಿತು. ಈಗ ಆ ಮನೆಯಲ್ಲಿ ಹಾಲು ಕರೆಯುವುದು ಮಗ. ಕರ್ಣನಿಗೆ ಈ ಸುದ್ದಿ ಹೇಳಿದಾಗ ಅವರು ಪುಸ್ತಕ ತೆರೆದು, ಆಕೆಯ ಪುಟದಲ್ಲಿ 6.10 ಎಂದು ಬರೆದು, ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಸಮ್ಮೇಳನದ ಎರಡೂ ದಿನ ಸಭಾಂಗಣದ ಎಡಬದಿಯ ಬಾಗಿಲ ಹತ್ತಿರ ನಮ್ಮ ಮೇಜು ಇರುತ್ತದೆ. ಪುಸ್ತಕದೊಂದಿಗೆ ಅವರೂ ಇರುತ್ತಾರೆ. ಕಾಫಿ ಕುಡಿಯುವ ಮೊದಲು ಬರಬೇಕು, ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ಬರಬೇಕು. ಕುರ್ಚಿಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಕೂತಿರಬೇಕು. ಪಟ್ಟಿ ಸುತ್ತಿದ ಮೇಲೆ ಮಾತನಾಡಬಾರದು, ಮಾತನಾಡಿದರೆ ಅಂಕಿ ಏರುತ್ತದೆ. ಕವಿಗೋಷ್ಠಿಗೆ ಬಂದವರಿಗೆ ಇದು ಸ್ವಲ್ಪ ಕಷ್ಟವಾದೀತು. ನಮ್ಮ ಅಧ್ಯಕ್ಷರು ಇಷ್ಟು ವರ್ಷಗಳಿಂದ ಅದೇ ಕಾರಣ ಹೇಳಿ ತಪ್ಪಿಸಿಕೊಳ್ಳುತ್ತ ಬಂದಿದ್ದಾರೆ. ಅವರ ಪುಟ ಇನ್ನೂ ಖಾಲಿ ಇದೆ.